ನೆರಿನಿಯದ ಮೂರು ಮಡಿಕೆ

ಇವತ್ತು ಬೆಳಿಗ್ಗೆ ಆರಕ್ಕೆ ಎದ್ದು ಮೋಟರ್ ಹಾಕಿ ಟ್ಯಾಂಕಿ ತುಂಬಿಸಿದೆ. ಇಗರ್ಜಿಗೆ ಹೋಗಿ ಬರುವಾಗ ಕಂಕನಾಡಿ ಮಾರ್ಕೆಟಿನಿಂದ ಆರು ಬಂಗುಡೆ ಮೀನು, ಸಾರಿನ ಹುಳಿಗೆ ಒಂದು ಹಿಡಿ ಬಿಂಬುಳಿ ಕಾಯಿ, ಒಂದು ಕಟ್ಟು ಬಸಳೆ ತಂದೆ. ನನ್ನ ಗಂಡ ಫೆಲಿಕ್ಸ್ ಅವರ ಬಿ.ಪಿ. ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ದಿಂಬಿನ ಕವರುಗಳನ್ನು ಒಗೆದು ಹಿಂಡಿ ಬಕೆಟ್ಟಿಗೆ ಹಾಕಿದೆ. ಹತ್ತು ಗಂಟೆಗೆ ಮುನೀರಾಳ ಫೋನು ಬಂತು. ಆಮೇಲೆ ಬಕೆಟ್ಟು ಅಲ್ಲೇ ಉಳಿಯಿತು.

ಮುನೀರಾ ತೊಕ್ಕೊಟ್ಟಿನವಳು. ನಮ್ಮ ಊರಿನ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಲ್ಲು, ಅದಿರು, ಪಳೆಯುಳಿಕೆಗಳನ್ನು ಇಟ್ಟ ಒಂದು ಮ್ಯೂಸಿಯಂ ಕೋಣೆ ಇದೆ. ಮೂವತ್ತಮೂರು ವರ್ಷ ಅದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಎರಡು ವರ್ಷದ ಹಿಂದೆ ನಿವೃತ್ತಳಾದೆ. ಈಗ ಅದು ಮುನೀರಾಳ ಕೈಯಲ್ಲಿದೆ. ಮುಂದಿನ ವಾರ ಯಾವುದೋ ತಪಾಸಣಾ ಸಮಿತಿ ಬರುವುದಂತೆ, ಅಷ್ಟರೊಳಗೆ ಎಲ್ಲ ವಸ್ತುಗಳ ವಿವರ ಕಂಪ್ಯೂಟರಿಗೆ ಏರಬೇಕಂತೆ. ಪಳೆಯುಳಿಕೆಗಳಿಗೆ ಇವತ್ತು ಸಂಜೆಯೇ ಗಡುವು.

“ಆಂಟಿ, ಕಿಟಿಕಿ ಬದಿಯ ಕಪಾಟಿನ ಒಂಬತ್ತನೇ ಡ್ರಾವರಿನಲ್ಲಿ ಒಂದು ಬಸವನಹುಳಕ್ಕೆ ಎರಡು ಚೀಟಿ ಉಂಟು. ಒಂದೊಂದು ಒಂದೊಂದು ಹೇಳ್ತದೆ. ಹೊಸದರಲ್ಲಿ ‘ಗುರುತಿಸಿದವರು’ ಅಂತ ಇರುವಲ್ಲಿ ಖಾಲಿ. ಖಾಲಿ ಬಿಟ್ರೆ ಕಂಪ್ಯೂಟರ್ ಕೆಂಪಾಗ್ತದೆ, ಮುಂದೆ ಹೋಗುದೇ ಇಲ್ಲ. ಹಳೆ ಚೀಟಿಯಲ್ಲಿ ತಂತ್ರಿ ಸರ್ ಹೆಸರುಂಟು. ಅದನ್ನೇ ಹಾಕಿ, ಹಳೆಯದನ್ನು ಬಿಸಾಡ್ಲಾ?”

ಬಿಸಾಡಬೇಡ, ಏನೂ ಟೈಪ್ ಮಾಡಬೇಡ, ಮೂರು ಗಂಟೆಗೆ ನಾನೇ ಬರುತ್ತೇನೆ ಎಂದೆ. ಯಾಕೆ ಎಂದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುನೀರಾಳಿಗೆ, ಅವಳ ನಂತರ ಆ ಬೀಗದ ಕೈ ಹಿಡಿಯುವವರಿಗೆ.

ನಾನು ಸೇರುವಾಗ ನನಗೆ ಪಳೆಯುಳಿಕೆ ಎಂದರೇನೆಂದೇ ತಿಳಿದಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದವರಿಗೆ ಗೊತ್ತಾಗುವುದಾದರೂ ಹೇಗೆ? ಇಲ್ಲಿ ಎಲ್ಲಿ ಅಗೆದರೂ ಕೆಂಪು ಮುರಕಲ್ಲು. ಅದರಲ್ಲಿ ತೂತು ಬೇಕಾದಷ್ಟಿದೆ, ಹುಳ ಒಂದೂ ಇಲ್ಲ. ನಮ್ಮ ಡ್ರಾವರುಗಳಲ್ಲಿ ಇದ್ದವು ತಮಿಳುನಾಡಿನ ಅರಿಯಲೂರು ಕಡೆಯ ಸುಣ್ಣಕಲ್ಲಿನ ಗಣಿಗಳಿಂದ ವಿದ್ಯಾರ್ಥಿಗಳ ಪ್ರವಾಸದಲ್ಲಿ ಹೆಕ್ಕಿ ತಂದವು. ಡೈನೋಸಾರುಗಳಿದ್ದ ಕಾಲಕ್ಕೆ ಅಲ್ಲಿ ಸಮುದ್ರವಿತ್ತು.

ಮೊದಲನೇ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಇಡೀ ಡ್ರಾವರಿನ ಚಿಪ್ಪುಗಳನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆದು ಬಿಸಿಲಿಗೆ ಹರಡಿದೆ, ಚೀಟಿಗಳು ಒದ್ದೆಯಾಗದಿರಲಿ ಎಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಯಾರೋ ಬಂದು ಫ್ಯಾನ್ ಹಾಕಿದರು. ಚಿಪ್ಪುಗಳು ಫಳಫಳ ಹೊಳೆಯುತ್ತಿದ್ದವು, ಆದರೆ ಯಾವುದು ಎಲ್ಲಿಯದೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ವಿಭಾಗದ ಮುಖ್ಯಸ್ಥರಾಗಿದ್ದ ವಾಸುದೇವ ತಂತ್ರಿ ಸರ್ ಒಂದು ತಿಂಗಳು ಹಳೆಯ ರಿಜಿಸ್ಟರ್ ಹಿಡಿದು ನನ್ನ ಜೊತೆ ಕೂತು ಒಂದೊಂದಾಗಿ ಜೋಡಿಸಿದರು. ಬೈಯಲಿಲ್ಲ. ಕೊನೆಯ ದಿನ ಎರಡು ನಿಯಮ ಹೇಳಿದರು. ನಂಬರನ್ನು ಚೀಟಿಯಲ್ಲಿ ಮಾತ್ರವಲ್ಲ, ವಸ್ತುವಿನ ಮೈಮೇಲೂ ಬಣ್ಣದಲ್ಲಿ ಬರೆಯಬೇಕು. ಹಳೆ ಚೀಟಿಯಲ್ಲಿ ಬರೆದದ್ದು ಶುದ್ಧ ತಪ್ಪಾದರೂ ಅದನ್ನು ಎಸೆಯಬಾರದು, ಹೊಸದನ್ನು ಅದರ ಮೇಲೆ ಇಡಬೇಕು. ಹಿಂದಿನವರು ಏನೆಂದುಕೊಂಡಿದ್ದರು ಎಂಬುದೂ ಆ ವಸ್ತುವಿನ ಚರಿತ್ರೆಯೇ ಎಂಬುದು ಅವರ ವಾದ. ಒಂಬತ್ತನೇ ಡ್ರಾವರಿನಲ್ಲಿ ಎರಡು ಚೀಟಿ ಇರುವುದು ಈ ನಿಯಮದಿಂದ.

ತಂತ್ರಿ ಸರ್ ಓದಿದ್ದು ಖನಿಜಗಳ ವಿಷಯ. ಪಳೆಯುಳಿಕೆ ಕಲಿಸಲು ಬೇರೆ ಯಾರೂ ಇರಲಿಲ್ಲವೆಂದು ಅವರೇ ಕಲಿಸುತ್ತಿದ್ದರು, ಕಲಿಸುತ್ತಾ ಕಲಿತರು, ಜೊತೆಗೆ ನನಗೂ ಕಲಿಸಿದರು. ಮನೆತನ ದೇವಸ್ಥಾನದ ತಂತ್ರಿಗಳದ್ದು. ಬಸವನಹುಳದ ಚಿಪ್ಪನ್ನು ಹಿಡಿಯುವ ಕ್ರಮ ಮೊದಲು ತೋರಿಸಿದರು: ತುದಿ ಮೇಲೆ, ಬಾಯಿ ನಮ್ಮ ಕಡೆಗೆ. ಆಗ ಬಾಯಿ ಬಲಗಡೆ ಬಂದರೆ ಬಲಸುತ್ತು, ಎಡಗಡೆ ಬಂದರೆ ಎಡಸುತ್ತು. ಅವರ ಮನೆಯ ದೇವರಕೋಣೆಯಲ್ಲಿ ಶಂಖವನ್ನು ಹಿಡಿಯುವುದು ತಲೆಕೆಳಗಾಗಿ. ಅಲ್ಲಿ ಅಪರೂಪದ ಬಲಮುರಿ ಎಂದು ಪೂಜೆಗೆ ಇಟ್ಟದ್ದು ಈ ಕೋಣೆಗೆ ಬಂದರೆ ಎಡಸುತ್ತಾಗುತ್ತದೆ. ಈ ಮಾತನ್ನು ಅವರು ಪ್ರತಿವರ್ಷ ಹೊಸ ತರಗತಿಗೆ ಹೇಳಿ, ನಗು ಬರುವವರೆಗೆ ಕಾಯುತ್ತಿದ್ದರು.

ಈಗ ಆ ಡ್ರಾವರಿನ ವಿಷಯ. ಒಂದೇ ಗಣಿಯಿಂದ ಒಂದೇ ದಿನ ತಂದ ಮೂರು ವಸ್ತುಗಳು ಅದರಲ್ಲಿ ಇದ್ದವು. ಮೊದಲನೆಯದು ನನ್ನ ಗೇಣುದ್ದದ ಒಂದು ಇಡೀ ಚಿಪ್ಪು, ಉದ್ದನೆಯ ಶಂಕುವಿನಂಥದ್ದು, ಸುತ್ತಿನ ಮೇಲೆ ಸುತ್ತು ಏರಿ ಮೊನಚಾದದ್ದು. ಅಷ್ಟು ಚೆಂದದ್ದು ನಮ್ಮಲ್ಲಿ ಇನ್ನೊಂದು ಇರಲಿಲ್ಲ. ಎರಡನೆಯದು ಅಂಥದ್ದರದೇ ಒಡೆದ ತುಂಡು, ಬೆರಳಿನ ಎರಡು ಗೆಣ್ಣಿನಷ್ಟು. ಮೂರನೆಯದು ಬೇರೆಯೇ ಥರ: ತಿರುಪು ಮೊಳೆಯಂತೆ ಸುತ್ತಿಕೊಂಡ ಕಂದು ಕಲ್ಲು. ಸುತ್ತುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ, ಪ್ರತಿ ಸುತ್ತಿನ ಮೇಲೆ ಉದ್ದಕ್ಕೂ ಮೂರು ಗಾಡಿಗಳು, ಅಂದರೆ ತೋಡಿದಂಥ ಗೆರೆಗಳು. ನಾವು ಅದನ್ನು ತಿರುಪು ಎಂದೇ ಕರೆಯುತ್ತಿದ್ದೆವು.

ಮೊದಲಿನ ಎರಡಕ್ಕೆ ಯಾರೋ ಹಿಂದಿನವರು ‘ಟರಿಟೆಲ್ಲ’ ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದರು. ಟರಿಟೆಲ್ಲ ಈಗಲೂ ನಮ್ಮ ಸಮುದ್ರದಲ್ಲಿ ಇರುವ ಬಸವನಹುಳ. ಬಂದರಿನಲ್ಲಿ ಬಲೆ ಕೊಡವುವಾಗ ಅದರ ಚಿಪ್ಪು ಮೀನಿನ ಜೊತೆ ಬೀಳುತ್ತದೆ. ಹೋಲಿಸಿ ನೋಡಲು ನಾನೇ ಹೋಗಿ ಹೆಕ್ಕಿ ತಂದಿದ್ದೆ. ಅಲ್ಲಿ ಮೀನು ಮಾರುವ ಲಲಿತಕ್ಕನಿಗೆ ಅದೊಂದು ತಮಾಷೆ. “ಬಾಯಮ್ಮ, ತಿನ್ನುವ ಮರುವಾಯಿ ಚಿಪ್ಪು ಕೊಟ್ರೆ ಬೇಡ, ಈ ಖಾಲಿ ಚಿಪ್ಪು ಬೇಕಾ ನಿಮಗೆ? ಇದಕ್ಕೆ ಎಷ್ಟು ತೆಂಗಿನಕಾಯಿ ಹಾಕ್ತೀರಿ?” ಎಂದು ಕೇಳುತ್ತಿದ್ದಳು. ಹೊರಗಿನಿಂದ ನೋಡಿದರೆ ಅದೂ ನಮ್ಮ ಅರಿಯಲೂರಿನ ಚಿಪ್ಪೂ ಅಕ್ಕತಂಗಿಯರ ಹಾಗೆ. ಲೆನ್ಸ್ ಹಿಡಿದು ತುಂಬ ದಿನ ನೋಡಿದ ಮೇಲೆ ಮಾತ್ರ ವ್ಯತ್ಯಾಸ ಕಾಣುತ್ತಿತ್ತು. ಟರಿಟೆಲ್ಲದ ಸುತ್ತುಗಳು ಹೊರಗೆ ಉಬ್ಬಿವೆ, ಸೇರುವ ಗೆರೆ ತಗ್ಗಿನಲ್ಲಿದೆ. ಅರಿಯಲೂರಿನ ಚಿಪ್ಪಿನಲ್ಲಿ ಸುತ್ತಿನ ನಡು ಸ್ವಲ್ಪ ಒಳಗೆ ಬಾಗಿದೆ, ಸೇರುವ ಗೆರೆ ಸೀರೆಯ ಹೆಮ್ಮಿಂಗಿನಂತೆ ಎದ್ದು ನಿಂತಿದೆ. ಆ ಗೆರೆಯ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಕೂಡ ಇದೆ. ಹುಳ ಬದುಕಿದ್ದಾಗ ಬಾಯಿಯ ಅಂಚಿನಲ್ಲಿ ಒಂದು ಸೀಳು ಇದ್ದು, ಬೆಳೆಯುತ್ತ ಹೋದಂತೆ ಅದು ಮುಚ್ಚಿದ ಗುರುತು ಅದು.

ತಂತ್ರಿ ಸರ್‌ಗೆ ಆಸೆ ಇದ್ದದ್ದು ತಿರುಪಿನ ಮೇಲೆ. ಯಾವ ಪುಸ್ತಕದ ಚಿತ್ರಕ್ಕೂ ಅದು ಹೊಂದುತ್ತಿರಲಿಲ್ಲ. ಮೇಲೆ ತೆಳುವಾದ ಕಂದು ಪದರ ಇದ್ದುದರಿಂದ ಅದೇ ಚಿಪ್ಪು, ಗಾಡಿಗಳು ಚಿಪ್ಪಿನ ಮೇಲಿನ ಅಲಂಕಾರ, ಇದು ಇದುವರೆಗೆ ಯಾರೂ ಹೆಸರಿಡದ ಒಂದು ಕುಲ ಎಂದು ಅವರು ನಂಬಿದ್ದರು. ಚೀಟಿಯಲ್ಲಿ ‘ಹೊಸ ಕುಲ’ ಎಂದು ಬರೆದು ಕೆಳಗೆ ಗುರುತಿಸಿದವರು ವಾ. ತಂತ್ರಿ ಎಂದು ಸಹಿ ಹಾಕಿದ್ದರು. ಎರಡು ವರ್ಷ ಅಳತೆ ತೆಗೆದು, ಫೋಟೊ ಹಿಡಿಸಿ, ಲೇಖನ ಬರೆದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಹೊರಗಿನವರು ಓದುವ ಪತ್ರಿಕೆಗೆ ಅವರು ಬರೆದದ್ದು ಅದೊಂದೇ.

ಅದು ನನ್ನ ಆರನೇ ವರ್ಷ. ಡಿಸೆಂಬರು. ಫೆಲಿಕ್ಸ್ ಗಲ್ಫಿನಲ್ಲಿದ್ದರು, ಕ್ರಿಸ್‌ಮಸ್ಸಿನ ತಿಂಡಿ ನಾನೊಬ್ಬಳೇ ಮಾಡಬೇಕು. ನಮ್ಮಲ್ಲಿ ಕಿಡಿಯೊ ಎಂದು ಮಾಡುತ್ತೇವೆ. ಸಣ್ಣ ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಗೆ ಬಿಡುವುದು. ಮೈಮೇಲೆ ಗೆರೆಗೆರೆ ಬರುತ್ತದೆ. ನೂರಾರು ಸುತ್ತಿದ ಮೇಲೆ ಕೈ ತಾನೇ ಕೆಲಸ ಮಾಡುತ್ತದೆ, ಕಣ್ಣಿಗೆ ಬಿಡುವು. ಬಾಚಣಿಗೆಯ ಹಲ್ಲು ಎದ್ದಿದ್ದಲ್ಲಿ ಹಿಟ್ಟಿನಲ್ಲಿ ಗಾಡಿ ಬೀಳುವುದನ್ನು ನೋಡುತ್ತಾ ಇದ್ದೆ. ಗಾಡಿ ಹಿಟ್ಟಿನ ಸ್ವಂತದ್ದಲ್ಲ. ಅದು ಹಲ್ಲಿನದು. ತಿರುಪಿನ ಗಾಡಿ ಯಾರದು?

ಮರುದಿನ ಬೆಳಿಗ್ಗೆ ಸರ್ ತರಗತಿಗೆ ಹೋದ ಮೇಲೆ ಒಡೆದ ತುಂಡನ್ನು ತೆಗೆದೆ. ಅದರ ಒಂದು ಸುತ್ತಿನೊಳಗೆ ತುಂಬಿದ್ದ ಸುಣ್ಣಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದೆ. ಒಳಗೋಡೆಯಲ್ಲಿ ಮೂರು ಏಣುಗಳಿದ್ದವು. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಅದರೊಳಗೆ ಒತ್ತಿ ಮೆಲ್ಲ ಬಿಡಿಸಿದೆ. ಹಸಿರು ಜೇಡಿಯ ಮೇಲೆ ಮೂರು ಗಾಡಿ. ತಿರುಪಿನ ಪಕ್ಕದಲ್ಲಿ ಇಟ್ಟು ನೋಡಿದೆ. ಅಂತರವೂ ಅದೇ, ಆಳವೂ ಅದೇ.

ತಿರುಪು ಚಿಪ್ಪೇ ಅಲ್ಲ. ಅಂಥದ್ದೇ ಒಂದು ಉದ್ದ ಚಿಪ್ಪಿನ ಹೊಟ್ಟೆಯೊಳಗೆ ಕೆಸರು ತುಂಬಿ ಗಟ್ಟಿಯಾಗಿ, ಆಮೇಲೆ ಹೊರಗಿನ ಚಿಪ್ಪು ಕರಗಿ ಹೋಗಿ ಉಳಿದ ಅಚ್ಚು. ಸುತ್ತುಗಳು ತಾಗದಿರುವುದು ನಡುವೆ ಇದ್ದ ಚಿಪ್ಪು ಹೋದ ಕಾರಣ. ಹೊಸ ಕುಲವೂ ಅಲ್ಲ, ಬೇರೆ ಹುಳವೂ ಅಲ್ಲ.

ಇಲ್ಲಿ ನಾನು ಮಾಡಿದ ಎರಡನೇ ತಪ್ಪನ್ನು ಬರೆಯಬೇಕು. ಅದು ಮೊದಲಿನದಕ್ಕಿಂತ ದೊಡ್ಡದು. ನಾನು ಆ ಜೇಡಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ನಾಲ್ಕು ದಿನ ಬಾಯಿ ಬಿಡಲಿಲ್ಲ. ಅಟೆಂಡರ್ ಆದ ನಾನು ಹೋಗಿ ಮುಖ್ಯಸ್ಥರಿಗೆ ಹೇಳುವುದು ಹೇಗೆ ಎಂಬುದು ಒಂದು. ನನ್ನದೇ ತಪ್ಪಿರಬಹುದು ಎಂಬುದು ಇನ್ನೊಂದು. ಐದನೇ ದಿನ ಸರ್ ಲೇಖನ, ಫೋಟೊಗಳನ್ನು ಕಂದು ಕಾಗದದಲ್ಲಿ ಸುತ್ತಿ ಹುರಿ ಕಟ್ಟಿ ನನ್ನ ಕೈಗೆ ಕೊಟ್ಟರು. ಮನೆಗೆ ಹೋಗುವ ದಾರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಮಾಡಬೇಕಿತ್ತು. ಕ್ಯೂನಲ್ಲಿ ನಿಂತೆ. ನನ್ನ ಮುಂದೆ ಇಬ್ಬರಿದ್ದರು, ಒಬ್ಬರಾದರು, ಆಮೇಲೆ ನಾನೇ. ಕೌಂಟರಿನವರು ಕೈ ಚಾಚಿದರು. ಇವತ್ತು ಬೇಡ ಎಂದು ಹೇಳಿ ಪೊಟ್ಟಣವನ್ನು ಎದೆಗೊತ್ತಿಕೊಂಡು ಮನೆಗೆ ಬಂದೆ. ಸರಕಾರಿ ಕಾಗದವನ್ನೇ ಕದ್ದ ಹಾಗೆ ಅನಿಸಿತು. ಕೆಲಸ ಹೋದೀತು ಎಂದು ಹೆದರಿದ್ದೂ ಹೌದು. ಹಾಗೆಂದು ಪೋಸ್ಟ್ ಮಾಡಿದ್ದರೆ ಇಷ್ಟು ಒಳ್ಳೆಯ ಮನುಷ್ಯರ ತಪ್ಪು ಅಚ್ಚಾಗಿ ಎಲ್ಲರ ಕಪಾಟಿನಲ್ಲಿ ಉಳಿಯುತ್ತಿತ್ತು.

ಬೆಳಿಗ್ಗೆ ಅವರು ಬರುವ ಮೊದಲೇ ಮೇಜಿನ ಮೇಲೆ ಸಾಲಾಗಿ ಇಟ್ಟೆ: ಪೊಟ್ಟಣ, ತಿರುಪು, ಒಡೆದ ತುಂಡು, ಹಸಿರು ಜೇಡಿ, ಒಂದು ಕಾಗದದಲ್ಲಿ ನಾಲ್ಕು ಕಿಡಿಯೊ, ಬಾಚಣಿಗೆ.

ಅವರು ನಿಂತುಕೊಂಡೇ ನೋಡಿದರು. ಜೇಡಿಯನ್ನು ತುಂಡಿನೊಳಗೆ ಇಟ್ಟು ತೆಗೆದರು. ಮತ್ತೊಮ್ಮೆ ಇಟ್ಟು ತೆಗೆದರು.

“ಪೋಸ್ಟ್ ಮಾಡ್ಲಿಲ್ವಾ?”

“ಇಲ್ಲ ಸರ್.”

“ಇದು ಎಷ್ಟು ದಿವಸದಿಂದ ಗೊತ್ತುಂಟು ನಿಮಗೆ?”

“ಐದು ದಿವಸ ಆಯ್ತು.”

“ಐದು ದಿವಸ ನಾನು ಆಚೆ ಕೋಣೆಯಲ್ಲಿ ಕೂತು ತಪ್ಪು ಬರೀತಾ ಇದ್ದೆ, ನೀವು ಈಚೆ ಕೋಣೆಯಲ್ಲಿ ಧೂಳು ಒರೆಸ್ತಾ ಇದ್ರಿ.”

ಪೊಟ್ಟಣ ತಡೆದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಅವರ ಸಿಟ್ಟು ಆ ಐದು ದಿನಕ್ಕೆ. ಮುನೀರಾ, ಇದನ್ನು ನೆನಪಿಟ್ಟುಕೊ: ಕಂಡದ್ದನ್ನು ಅದೇ ದಿನ ಹೇಳಬೇಕು. ತಪ್ಪಾದರೆ ತಪ್ಪೆಂದು ಯಾರಾದರೂ ತೋರಿಸುತ್ತಾರೆ, ಅಷ್ಟೇ.

ಮೂರು ದಿನ ಅವರು ನನ್ನ ಜೊತೆ ಸರಿಯಾಗಿ ಮಾತನಾಡಲಿಲ್ಲ. ನಾಲ್ಕನೇ ದಿನ ಬಂದು ಕಲ್ಲು ಕೊಯ್ಯುವ ಮೆಶಿನು ನಡೆಯುತ್ತದೋ ಎಂದು ಕೇಳಿದರು. ನಡೆಯುತ್ತದೆ ಎಂದೆ. ಆ ಇಡೀ ಚಿಪ್ಪನ್ನು ತಂದು ನನ್ನ ಮುಂದಿಟ್ಟರು. ಅದನ್ನು ಯಾರೂ ಮುಟ್ಟಬಾರದೆಂದು ಅವರೇ ಬೋರ್ಡು ಹಾಕಿಸಿದ್ದರು.

ಒಡೆದ ತುಂಡಿನಲ್ಲಿ ಒಂದು ಸುತ್ತು ಮಾತ್ರ ಕಾಣುತ್ತಿತ್ತು. ಏಣು ಎಲ್ಲ ಸುತ್ತಿನಲ್ಲೂ ಇದೆಯೋ, ಅಥವಾ ಆ ಜಾಗದಲ್ಲಿ ಕಲ್ಲು ಸವೆದು ಹಾಗಾದದ್ದೋ ತಿಳಿಯಲು ಇಡೀ ಚಿಪ್ಪನ್ನು ತುದಿಯಿಂದ ಬಾಯಿಯವರೆಗೆ ಸರಿಯಾಗಿ ನಡುವಿನಲ್ಲಿ ಸೀಳಬೇಕು. ಕೂದಲೆಳೆಯಷ್ಟು ಓರೆಯಾದರೂ ನಡುಗಂಬ ತಪ್ಪುತ್ತದೆ, ಚಿಪ್ಪೂ ಹೋಯಿತು, ಉತ್ತರವೂ ಹೋಯಿತು. ಸರ್ ನನಗೇ ಕೊಯ್ಯಲು ಹೇಳಿದರು. ನಾನು ಸೀಸದ ಕಡ್ಡಿಯಲ್ಲಿ ಗೆರೆ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ನೀರು ಬಿಡುತ್ತ ಕೊಯ್ದೆ. ಆಮೇಲೆ ಎರಡು ದಿನ ಗಾಜಿನ ಹಾಳೆಯ ಮೇಲೆ ಉಜ್ಜುವ ಪುಡಿ ಹಾಕಿ, ಎಂಟರ ಆಕಾರದಲ್ಲಿ ತಿರುಗಿಸಿ ತಿರುಗಿಸಿ ನುಣುಪು ಮಾಡಿದೆ. ಮೊದಲಿಗೆ ಬರೀ ಬೂದು. ಎರಡನೇ ದಿನ ಮಧ್ಯಾಹ್ನ ತೊಳೆದು ಬೆಳಕಿಗೆ ಹಿಡಿದಾಗ ಕಂಡಿತು.

ಹೊರಗೆ ಅಷ್ಟು ಸಾದಾ ಇದ್ದ ಚಿಪ್ಪು. ಒಳಗೆ ಪ್ರತಿ ಸುತ್ತಿನ ಕೋಣೆಯಲ್ಲೂ ಮೂರು ಮಡಿಕೆ: ಒಂದು ನಡುಗಂಬದಿಂದ, ಒಂದು ಮೇಲಿನ ಚಾವಣಿಯಿಂದ, ಒಂದು ಹೊರಗೋಡೆಯಿಂದ, ಮೂರೂ ನಡುವಿಗೆ ಮುಖ ಮಾಡಿ. ಯಾರೋ ಒಂದೇ ಅಕ್ಷರವನ್ನು ದೊಡ್ಡದರಿಂದ ಚಿಕ್ಕದಕ್ಕೆ ಹತ್ತು ಸಲ ಬರೆದ ಹಾಗೆ. ಪಕ್ಕದಲ್ಲಿ ಬಂದರಿನ ಟರಿಟೆಲ್ಲವನ್ನೂ ಸೀಳಿ ಇಟ್ಟೆ. ಅದರೊಳಗೆ ಖಾಲಿ, ನುಣ್ಣಗಿನ ಕೋಣೆಗಳು. ಇಷ್ಟೇ ವ್ಯತ್ಯಾಸ, ಆದರೆ ಅದರಿಂದ ಇಡೀ ಕುಟುಂಬವೇ ಬೇರೆ. ಪುಸ್ತಕದಲ್ಲಿದ್ದ ಸೀಳಿದ ಚಿಪ್ಪುಗಳ ಚಿತ್ರದ ಪಕ್ಕ ನಾನೇ ಇಟ್ಟು ನೋಡಿದೆ: ನಮ್ಮದು ನೆರಿನಿಯ. ಆ ಕುಲದ ಹುಳ ಈಗ ಯಾವ ಸಮುದ್ರದಲ್ಲೂ ಬದುಕಿಲ್ಲ.

ತಂತ್ರಿ ಸರ್ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು. ತಿರುಪನ್ನು ಒಂದು ಕೈಯಲ್ಲಿ, ಸೀಳಿದ ಚಿಪ್ಪನ್ನು ಇನ್ನೊಂದರಲ್ಲಿ ಹಿಡಿದು, “ಒಂಜೇ ಅಂಗಡಿ, ರಡ್ಡ್ ಬೋರ್ಡ್” ಎಂದರು. ಅಂಗಡಿ ಒಂದೇ, ಬೋರ್ಡು ಎರಡು. ಸಿಟ್ಟು ಬಂದಾಗ ಅವರು ಕನ್ನಡದಲ್ಲಿ ಮಾತನಾಡುತ್ತಿದ್ದರು, ಸಿಟ್ಟು ಹೋದಾಗ ತುಳುವಿನಲ್ಲಿ. ಆಮೇಲೆ ಪೊಟ್ಟಣದ ಹುರಿಯನ್ನು ಕತ್ತರಿಸದೆ ಗಂಟು ಬಿಚ್ಚಿ, ಸುತ್ತಿ ಮೇಜಿನ ಡ್ರಾವರಿನಲ್ಲಿಟ್ಟರು. ಲೇಖನವನ್ನು ಮನೆಗೆ ಒಯ್ದರು. ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ತಿರುಪಿಗೆ ಹೊಸ ಚೀಟಿ ಬರೆದರು: ನೆರಿನಿಯ, ಒಳಗಿನ ಅಚ್ಚು, ಅರಿಯಲೂರು. ‘ಗುರುತಿಸಿದವರು’ ಎಂಬಲ್ಲಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿ ಚೀಟಿಯನ್ನು ನನ್ನ ಕಡೆ ತಳ್ಳಿದರು.

“ನೀವೇ ತುಂಬಿಸಿ, ಫ್ಲೇವಿಯಾ ಬಾಯಿ.”

“ನಾನು ಅಟೆಂಡರ್, ಸರ್.”

“ಅದು ಹುಳಕ್ಕೆ ಗೊತ್ತುಂಟಾ?”

ನಾನು ತುಂಬಿಸಲಿಲ್ಲ. ಆಮೇಲೆ ಬರೆಯೋಣ ಎಂದು ಹಳೆಯದರ ಮೇಲೆ ಹಾಗೆಯೇ ಇಟ್ಟೆ. ಬೇರೆ ಎಲ್ಲ ಚೀಟಿಗಳಲ್ಲಿ ಡಾಕ್ಟರುಗಳ, ಪ್ರೊಫೆಸರುಗಳ ಹೆಸರು. ತಪಾಸಣೆಗೆ ಬಂದ ಯಾರಾದರೂ ಇದು ಯಾರು ಎಂದು ಕೇಳಿದರೆ, ನೆಲ ಒರೆಸುವವಳು ಎಂದು ಇನ್ಯಾರಾದರೂ ಉತ್ತರ ಕೊಟ್ಟರೆ, ಸರ್‌ಗೇ ಅವಮಾನ ಎಂದು ನನ್ನ ಲೆಕ್ಕ. ನಿವೃತ್ತಿಯ ದಿನ ಅವರು ಕೋಣೆಗೆ ಬಂದು ಒಂಬತ್ತನೇ ಡ್ರಾವರನ್ನು ಎಳೆದು ನೋಡಿದರು. ಮೆಲ್ಲ ದೂಡಿ ಮುಚ್ಚಿದರು. ಈಗ ಅವರಿಲ್ಲ.

ಆಮೇಲೆ ಕೆಲಸದ ಕ್ರಮ ತುಂಬ ಬದಲಾಯಿತು. ಚಿಪ್ಪನ್ನು ಕೊಯ್ಯದೆಯೇ ಆಸ್ಪತ್ರೆಯ ಸ್ಕ್ಯಾನಿನಂಥದ್ದರಲ್ಲಿ ಒಳಗನ್ನು ನೋಡುತ್ತಾರಂತೆ. ನೆರಿನಿಯವನ್ನು ಎಲ್ಲಿ ಸೇರಿಸುವುದು ಎಂಬ ಚರ್ಚೆ ಮಾತ್ರ ಮುಗಿದ ಹಾಗಿಲ್ಲ. ಅದರ ತುದಿಯಲ್ಲಿರುವ ಮರಿಚಿಪ್ಪು ದೊಡ್ಡದಾದ ಮೇಲೆ ಬೆಳೆದ ಚಿಪ್ಪಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಿರುತ್ತದೆ, ಹಾಗಾಗಿ ಟರಿಟೆಲ್ಲದ ಹತ್ತಿರವಲ್ಲ, ತೀರ ಬೇರೆ ಗುಂಪಿನ ಹತ್ತಿರ ಎನ್ನುತ್ತಾರೆ. ನಾನು ಅದನ್ನು ಕಣ್ಣಾರೆ ನೋಡಬೇಕೆಂದು ನಮ್ಮಲ್ಲಿರುವ ಎಲ್ಲವನ್ನೂ ಲೆನ್ಸಿನ ಕೆಳಗೆ ಇಟ್ಟೆ. ಎಲ್ಲದರ ತುದಿಯೂ ಮುರಿದಿದೆ. ಮುಂದಿನ ಪ್ರವಾಸದಲ್ಲಿ ತುದಿ ಇರುವುದು ಸಿಕ್ಕಿದರೆ, ಮುನೀರಾ, ನನಗೆ ಮೊದಲು ಫೋನು ಮಾಡು.

ಮೂರು ಗಂಟೆಗೆ ಕೋಣೆಗೆ ಹೋದೆ. ಇಷ್ಟನ್ನೂ ಅವಳಿಗೆ ಚುಟುಕಾಗಿ ಹೇಳಿದೆ. ಅವಳು ತಿರುಪನ್ನು ಸೀಳಿದ ಚಿಪ್ಪಿನ ಪಕ್ಕ ಹಿಡಿದು ಗಾಡಿ, ಮಡಿಕೆ, ಗಾಡಿ, ಮಡಿಕೆ ಎಂದು ಬೆರಳಿಟ್ಟು ಎಣಿಸಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು.

“ತಂತ್ರಿ ಸರ್ ಹೆಸರು ಹಾಕಿದ್ರೆ ಸುಳ್ಳಾಗ್ತದೆ, ಅಲ್ವಾ ಆಂಟಿ? ಅವರು ಇದನ್ನು ನೆರಿನಿಯ ಅಂತ ಗುರುತಿಸ್ಲಿಲ್ಲ.”

“ಹೌದು.”

“ಹಾಗಾದ್ರೆ ಯಾರು ಗುರುತಿಸಿದ್ದು?”

ಎಲ್ಲ ಗೊತ್ತಿದ್ದೂ ಕೇಳಿದಳು. ಚೀಟಿ ತುಂಬಿದ ಮೇಲೆಯೇ ಟೈಪ್ ಮಾಡುವುದೆಂದು ಕೈಕಟ್ಟಿ ಕೂತಳು. ಇಪ್ಪತ್ತೊಂಬತ್ತು ವರ್ಷ ನಾನೊಂದು ಖಾಲಿ ಗೆರೆಯನ್ನು ವಿನಯ ಎಂದುಕೊಂಡಿದ್ದೆ. ಈಗ ನೋಡಿದರೆ ಅದೂ ಒಂದು ತಪ್ಪು ಚೀಟಿಯೇ, ಫ್ಯಾನ್ ಗಾಳಿಗೆ ಹಾರಿದ್ದಲ್ಲ, ನಾನೇ ಹಾರಿಸಿದ್ದು. ಸೀಸದ ಕಡ್ಡಿ ತೆಗೆದುಕೊಂಡು ಬರೆದೆ. ಬಾಲ್‌ಪೆನ್ನಿನ ಶಾಯಿ ಮಾಸುತ್ತದೆ, ಸೀಸ ಮಾಸುವುದಿಲ್ಲ. ಹೆಸರಿನ ಕೆಳಗೆ ‘ಅಟೆಂಡರ್’ ಎಂದೂ ಬರೆದೆ, ಅದೂ ನಿಜವೇ. ಸರ್ ಅವರ ‘ಹೊಸ ಕುಲ’ದ ಚೀಟಿಯನ್ನು ಅದರ ಅಡಿಯಲ್ಲೇ ಇಟ್ಟೆ. ಮುನೀರಾ ಟೈಪ್ ಮಾಡಿದಳು. ಕೆಂಪು ಹೋಯಿತು.

ಮನೆಗೆ ಬರುವಾಗ ದಿಂಬಿನ ಕವರುಗಳು ಹಗ್ಗದ ಮೇಲಿದ್ದವು. ಫೆಲಿಕ್ಸ್ ಒಣಗಹಾಕಿದ್ದರು, ಎಲ್ಲ ಒಳಮೈ ಹೊರಗೆ ಮಾಡಿ. ರಾತ್ರಿಗೆ ಕುಚ್ಚಲಕ್ಕಿ ಅನ್ನ, ಬಿಂಬುಳಿ ಹಾಕಿದ ಬಂಗುಡೆ ಸಾರು, ಬಸಳೆಯ ಪಲ್ಯ. ಉಣ್ಣುವಾಗ ಅವರಿಗೆ ಎಲ್ಲ ಹೇಳಿದೆ. ಗಲ್ಫಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದವಳು ಇದೊಂದನ್ನು ಯಾಕೆ ಬರೆಯಲಿಲ್ಲ ಎಂದು ಸ್ವಲ್ಪ ಬೇಸರ ಮಾಡಿಕೊಂಡರು. ಮಲಗಿದ ಮೇಲೆ ಒಂದು ಪ್ರಶ್ನೆ ಕೇಳಿದರು: “ಹೊಟ್ಟೆಯೊಳಗೆ ಅಷ್ಟು ಮಡಿಕೆ ಇದ್ರೆ, ಆ ಹುಳ ಕೂತುಕೊಳ್ಳುದು ಎಲ್ಲಿ, ಮಾರಾಯ್ತಿ?”

ಚಿಪ್ಪು ಗಟ್ಟಿಯಾಗಲಿಕ್ಕೆ ಮಡಿಕೆ ಎಂದು ಕೆಲವರು ಹೇಳುತ್ತಾರೆ, ಹಳೆಯ ಸುತ್ತುಗಳಲ್ಲಿ ಹುಳ ಇರುವುದೇ ಇಲ್ಲ ಎಂದು ಇನ್ನು ಕೆಲವರು, ನನಗೆ ಮಾತ್ರ ಎರಡೂ ಪೂರ್ತಿ ಒಪ್ಪಿಗೆಯಾಗಿಲ್ಲ ಎಂದು ಹೇಳುತ್ತಾ ತಿರುಗಿ ನೋಡಿದರೆ, ಅವರಿಗೆ ಆಗಲೇ ನಿದ್ದೆ ಹತ್ತಿತ್ತು.